ಬೆಟ್ಟ ಹತ್ತಿದ ವೈದ್ಯರು: ಹ್ಯೂ ಕ್ಲೆಗಾರ್ನ್ ದೊರೆಯವರ ಜೀವಿತ ವೃತ್ತಾಂತ

ಶಿವಮೊಗ್ಗೆಯ ಪೇಟೆಯಿಂದ ತುಂಗೆಯ ಸೇತುವೆಯನ್ನು ದಾಟಿ ಭದ್ರಾವತಿಯ ರಸ್ತೆಯನ್ನು ಹಿಡಿದರೆ ವಿದ್ಯಾನಗರವೆಂಬ ಬಡಾವಣೆಯು ಸಿಕ್ಕುತ್ತದೆ. ಅಲ್ಲಿ ಕುಳಿತು ಈ ವೃತ್ತಾಂತವನ್ನು ಬರೆಯುವ ನಮಗೆ ಮಲೆಯ ಸೀಮೆಯು ಪಶ್ಚಿಮಕ್ಕೆ ಒಂದು ದಿನದ ಪ್ರಯಾಣದೊಳಗೇ ಇರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಸಭೆಗಳವರಿಗಂತೂ ಬೆಟ್ಟವು ಮನೆಯ ಹಿತ್ತಿಲೇ ಸರಿ. ಸೌದೆಗೂ ಸೊಪ್ಪಿಗೂ ದನ ಮೇಯಿಸುವದಕ್ಕೂ ನಾವು ಬೆಟ್ಟ ಹತ್ತುತ್ತೇವೆ. ಸುಮ್ಮನೆ ಸಂತೋಷಕ್ಕಾಗಿ ಹತ್ತುವವನನ್ನು ಕಂಡರೆ ನಮ್ಮ ಹಿರಿಯರು ಕೆಲಸವಿಲ್ಲದವನೆಂದು ನಗುವರು. ಆದರೆ ಬೆಟ್ಟದ ಮೇಲಿನ ನಡಿಗೆಯನ್ನೇ ಒಂದು ದೊಡ್ಡ ಆನಂದವೆಂದು ಎಣಿಸುವ ಜನರು ಸ್ಕಾಟ್ಲೆಂಡ್ ದೇಶದಲ್ಲಿ ಉಂಟು. ಆ ದೇಶದ ಒಬ್ಬ ವೈದ್ಯರು ನೂರ ಎಂಭತ್ತು ವರ್ಷಗಳ ಸುಮಾರು ಹಿಂದೆ ನಮ್ಮ ಶಿವಮೊಗ್ಗೆಯಲ್ಲಿಯೇ ವಾಸವಾಗಿದ್ದು, ನಮ್ಮ ಕಾಡುಗಳೊಳಗೆ ನಡೆದು, ಅಲ್ಲಿ ಕಂಡದ್ದನ್ನು ದೊಡ್ಡ ದೊರೆಗಳ ಕಿವಿಗೆ ಮುಟ್ಟಿಸಿದರು. ಅದರಿಂದ ನಮ್ಮ ಬೆಟ್ಟಗಳಿಗೆ ಒಳ್ಳೇದೂ ಆಯಿತು, ನಮ್ಮ ಬಡವರಿಗೆ ಕಷ್ಟವೂ ಆಯಿತು. ಅವರೇ ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗಾರ್ನ್ ದೊರೆಯವರು.

ಇವರು 1820ನೆಯ ಇಸವಿ ಆಗಸ್ಟ್ ತಿಂಗಳ 9ನೆಯ ದಿನದಲ್ಲಿ ಮದ್ರಾಸಿನಲ್ಲಿ ಹುಟ್ಟಿದರು. ತಂದೆಯು ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾಗಿದ್ದನು. ಆ ಕಾಲದ ಬಿಳಿಯರ ವಾಡಿಕೆಯಂತೆ ಮಗುವನ್ನು ಎಳೆಯ ವಯಸ್ಸಿನಲ್ಲಿಯೇ ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸಿದರು. ತಾಯಿತಂದೆಯರು ಸಮುದ್ರದ ಈಚೆ, ಮಗನು ಆಚೆ. ಹೀಗೆ ಬೆಳೆದ ಮಕ್ಕಳ ಮನಸ್ಸಿನ ಸಂಕಟವನ್ನು ಯಾವ ಪುಸ್ತಕವೂ ಪೂರ್ಣವಾಗಿ ಹೇಳಲಾರದು. ಆ ಹುಡುಗನನ್ನು ಸಾಕಿದವನು ಸ್ಟ್ರಾವಿಥಿ ಎಂಬ ಜಮೀನಿನ ಒಡೆಯನಾಗಿದ್ದ ಅಜ್ಜನು. ಅಜ್ಜನ ಹೆಸರೂ ಹ್ಯೂ ಕ್ಲೆಗಾರ್ನ್ ಎಂದೇ. ಸೇಂಟ್ ಆಂಡ್ರೂಸ್ ಪಟ್ಟಣದ ವಿದ್ಯಾಲಯದಲ್ಲಿ ಚರಿತ್ರೆಯನ್ನು ಕಲಿಸುತ್ತಿದ್ದ ಈ ಮನುಷ್ಯನು, 1795ರಲ್ಲಿ ಡಚ್ಚರ ಸಂಬಳಕ್ಕಿದ್ದ ಸ್ವಿಸ್ ದಂಡೊಂದನ್ನು ಇಂಗ್ಲಿಷರ ಕಡೆಗೆ ತಿರುಗಿಸಿ, ಸಿಂಹಳದ್ವೀಪವು ಇಂಗ್ಲಿಷರ ಕೈಸೇರುವದಕ್ಕೆ ಕಾರಣನಾದನು. ಅದೇ ದಂಡಿನವರು 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಇದ್ದರು. ಮೊಮ್ಮಗನು ಕನ್ನಡ ನಾಡಿಗೆ ಬಂದದ್ದು ಬಂದೂಕಿನ ಸಂಗಡ ಅಲ್ಲ, ಔಷಧದ ಪೆಟ್ಟಿಗೆಯ ಸಂಗಡ.

ಸ್ಟ್ರಾವಿಥಿ ಇರುವ ಫೈಫ್ ಸೀಮೆಯು ಬೆಟ್ಟಗಳ ಸೀಮೆಯಲ್ಲ, ಹೊಲಗಳ ಸೀಮೆ. ನಮ್ಮ ಚನ್ನಗಿರಿ, ಹೊನ್ನಾಳಿಗಳ ಹಾಗೆ ಎಂದು ವಾಚಕರು ತಿಳಿಯಬಹುದು. ದೊಡ್ಡ ಬೆಟ್ಟಗಳು ಅಲ್ಲಿಂದ ಉತ್ತರಕ್ಕೂ ಪಶ್ಚಿಮಕ್ಕೂ ಇರುತ್ತವೆ. ಹುಡುಗನು ಎಡಿನ್‌ಬರೋ ನಗರದಲ್ಲಿಯೂ ಸೇಂಟ್ ಆಂಡ್ರೂಸಿನಲ್ಲಿಯೂ ಓದಿ, ಬಳಿಕ ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಎಂಬ ಹೆಸರಾದ ಶಸ್ತ್ರವೈದ್ಯನ ಕೈಕೆಳಗೆ ಕೆಲಸ ಕಲಿತು, 1841ರಲ್ಲಿ ವೈದ್ಯಪದವಿಯನ್ನು ಪಡೆದನು. ಆ ಕಾಲದಲ್ಲಿ ವೈದ್ಯನಾಗಬೇಕಾದವನು ಗಿಡಮೂಲಿಕೆಗಳನ್ನು ಅರಿಯಲೇಬೇಕಾಗಿತ್ತು. ಯಾಕಂದರೆ ಔಷಧಗಳಲ್ಲಿ ಬಹುಭಾಗವು ಗಿಡದ ಬೇರಿನಿಂದಲೂ ತೊಗಟೆಯಿಂದಲೂ ಎಲೆಯಿಂದಲೂ ಬರುತ್ತಿತ್ತು.

ಎಡಿನ್‌ಬರೋದಲ್ಲಿ ಸಸ್ಯವಿದ್ಯೆಯನ್ನು ಕಲಿಸುತ್ತಿದ್ದ ಗ್ರಹಾಂ ಎಂಬ ಪಂಡಿತನು ಶಿಷ್ಯರನ್ನು ಬೆಂಚಿನ ಮೇಲೆ ಕೂರಿಸಿ ಬಿಡುವವನಾಗಿರಲಿಲ್ಲ. ಬೇಸಗೆಯಲ್ಲಿ ಅವರನ್ನು ಕರಕೊಂಡು ಉತ್ತರದ ಬೆಟ್ಟಗಳಿಗೆ ಕಾಲುನಡಿಗೆಯಿಂದ ಹೋಗುವನು. ಅವನ ತರುವಾಯ ಅದೇ ಪೀಠಕ್ಕೆ ಬಂದ ಬಾಲ್ಫರ್ ಎಂಬವನೂ ಹಾಗೆಯೇ ಮಾಡಿದನು. ಪ್ರತಿಯೊಬ್ಬ ಶಿಷ್ಯನ ಬೆನ್ನಿಗೆ ಗಿಡಗಳನ್ನು ಬಾಡದಂತೆ ಇಡುವ ತಗಡಿನ ಪೆಟ್ಟಿಗೆಯೊಂದು ತೂಗಾಡುತ್ತಿತ್ತು. ಈ ನಡಿಗೆಗಳ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು; ಕ್ಲೆಗಾರ್ನ್ ದೊರೆಯವರು ಮುಂದೆ ನಮ್ಮ ಕಾಡಿನಲ್ಲಿ ನಡೆದ ನಡಿಗೆಯು ಇದೇ ಪಾಠಶಾಲೆಯದು.

ಸ್ಕಾಟ್ಲೆಂಡಿನ ಬೆಟ್ಟಗಳು ನಮ್ಮ ಬೆಟ್ಟಗಳಂತೆ ಮರಗಳನ್ನು ಹೊದ್ದುಕೊಂಡವುಗಳಲ್ಲ. ಬುಡದಲ್ಲಿ ಕೊಳಗಳು, ನಡುವಿನಲ್ಲಿ ಕಾಲಿಟ್ಟರೆ ಕುಸಿಯುವ ಕಪ್ಪು ಜವುಗು, ಅದರ ಮೇಲೆ ಮೊಣಕಾಲೆತ್ತರದ ಕುರುಚಲು ಗಿಡ, ಅದಕ್ಕೂ ಮೇಲೆ ಬರೀ ಕಲ್ಲು. ಆ ಕುರುಚಲು ಗಿಡಕ್ಕೆ ಹೆದರ್ ಎಂದು ಹೆಸರು. ಆಗಸ್ಟ್ ತಿಂಗಳಲ್ಲಿ ಅದು ಹೂ ಬಿಟ್ಟರೆ ಬೆಟ್ಟದ ಮೈಯೆಲ್ಲಾ ನೇರಳೆಯ ಬಣ್ಣವಾಗುತ್ತದೆ. ನಮ್ಮಲ್ಲಿ ಗುರಗಿ ಹೂ ಬಿಟ್ಟ ವರ್ಷದ ಬಾಬಾಬುಡನ್ ಗಿರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಗೆಯ ನಡುವೆ ಅಲ್ಲಿ ಸೂರ್ಯನು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಮುಳುಗುವದರಿಂದ ನಡೆಯುವವನಿಗೆ ಹಗಲು ಮುಗಿಯದ ಬುತ್ತಿಯಂತಿರುತ್ತದೆ. ಇಂಬಳಗಳು ಇಲ್ಲ, ಅವುಗಳ ಬದಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಹಿಂಡುಹಿಂಡಾಗಿ ಮುತ್ತಿ ಕಚ್ಚುತ್ತವೆ. ಮಂಜು ಯಾವ ಗಳಿಗೆಯಲ್ಲಿ ಇಳಿಯುವದೆಂದು ಹೇಳಲಾಗದು. ಒಂದು ಕ್ಷಣ ಹತ್ತು ಬೆಟ್ಟಗಳ ಸಾಲೂ ಪಶ್ಚಿಮದ ಸಮುದ್ರವೂ ಕಾಣುವವು. ಮರುಕ್ಷಣ ತನ್ನ ಕಾಲೇ ತನಗೆ ಕಾಣದು. ಒದ್ದೆಯಾಗಿ, ದಣಿದು, ಹಸಿದು ತುದಿಯನ್ನು ಮುಟ್ಟಿದವನು ಕಲ್ಲಿನ ಮರೆಯಲ್ಲಿ ಕುಳಿತು ಜೇಬಿನ ಒಣ ರೊಟ್ಟಿಯನ್ನು ತಿಂದು ತೊರೆಯ ನೀರನ್ನು ಕುಡಿಯುವಾಗ, ಅರಮನೆಯ ಊಟವೂ ಅದಕ್ಕೆ ಸಮವಲ್ಲವೆಂದು ಹತ್ತಿದವರೆಲ್ಲರೂ ಒಪ್ಪುತ್ತಾರೆ.

ಬೆನ್ ಲಾಯರ್ಸ್ ಎಂಬ ಬೆಟ್ಟವು ಸಸ್ಯವಿದ್ಯೆಯವರಿಗೆ ತೀರ್ಥಯಾತ್ರೆಯ ಸ್ಥಳದಂತೆ ಇತ್ತು. 1,214 ಮೀಟರ್ ಎತ್ತರದ ಅದರ ಬಂಡೆಗಳ ಸಂದಿಯಲ್ಲಿ ಹಿಮದೇಶದ ಪುಟ್ಟ ಪುಟ್ಟ ಹೂಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವನ್ನು ಆ ದೇಶದಲ್ಲಿ ಮತ್ತೆಲ್ಲಿಯೂ ಸುಲಭವಾಗಿ ಕಾಣಲಾಗದು. ಉಗುರಿನಷ್ಟು ಚಿಕ್ಕ ನೀಲಿಯ ಹೂವೊಂದನ್ನು ನೋಡುವದಕ್ಕಾಗಿ ಇಡೀ ದಿನ ಮಳೆಯಲ್ಲಿ ಹತ್ತುವದೆಂದರೆ ನಮ್ಮಲ್ಲಿ ಅನೇಕರಿಗೆ ಹುಚ್ಚೆಂದು ತೋರುವದು. ಆದರೆ ಹಾಗೆ ಹತ್ತಿದವನ ಕಣ್ಣು ಹರಿತವಾಗುತ್ತದೆ. ಹಸುರು ಎಂಬ ಒಂದೇ ಬಣ್ಣವಿರುವಲ್ಲಿ ಅವನು ನೂರು ಗಿಡಗಳನ್ನು ಕಾಣುತ್ತಾನೆ. ಹೋದ ವರ್ಷ ಇದ್ದು ಈ ವರ್ಷ ಇಲ್ಲದ್ದನ್ನೂ ಕಾಣುತ್ತಾನೆ.

ಇನ್ನೊಂದು ಸಂಗತಿಯುಂಟು. ಆ ಬೆಟ್ಟಗಳ ಏಕಾಂತವನ್ನು ಹೊಗಳುವವರು ಅದು ಹೇಗೆ ಉಂಟಾಯಿತೆಂಬದನ್ನು ಮರೆಯಬಾರದು. ಉತ್ತರದ ಕಣಿವೆಗಳಲ್ಲಿ ಹಿಂದೆ ಜನರು ದನಗಳನ್ನು ಸಾಕಿಕೊಂಡು ಓಟ್ಸ್ ಧಾನ್ಯವನ್ನು ಬೆಳೆದುಕೊಂಡು ಊರೂರಾಗಿ ಇದ್ದರು. ಕುರಿಯಿಂದ ಹೆಚ್ಚು ಹಣ ಬರುವದೆಂದು ಜಮೀನ್ದಾರರು ಅವರನ್ನು ಎಬ್ಬಿಸಿದರು. ಸದರ್ಲೆಂಡ್ ಸೀಮೆಯ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿಯೂ 1819ರಲ್ಲಿಯೂ ಮನೆಗಳ ಮಾಡಿಗೆ ಬೆಂಕಿ ಇಟ್ಟು ಒಕ್ಕಲುಗಳನ್ನು ಹೊರಡಿಸಿದರು. ಹೊರಟವರಲ್ಲಿ ಕೆಲವರು ಕಡಲತೀರದ ಕಲ್ಲುನೆಲಕ್ಕೆ ಬಂದರು, ಕೆಲವರು ಅಮೇರಿಕಾ ಖಂಡಕ್ಕೆ ಹಡಗು ಹತ್ತಿದರು. ಅವರ ಮನೆಗಳ ಮುರುಕು ಗೋಡೆಗಳು ಹುಲ್ಲಿನೊಳಗೆ ಇನ್ನೂ ಇರುತ್ತವೆ. ನಮ್ಮಲ್ಲಿ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಮುಳುಗಡೆಯಾಗಿ ಶಿವಮೊಗ್ಗೆಯ ಸುತ್ತಲಿನ ಕಾಡುಗಳಿಗೆ ಬಂದು ನೆಲಸಿದ ಕುಟುಂಬಗಳವರಿಗೆ ಈ ಮಾತಿನ ಅರ್ಥ ಬೇಗನೆ ತಿಳಿಯುವದು.

ಹೀಗಿರಲಾಗಿ ಕ್ಲೆಗಾರ್ನ್ ದೊರೆಯವರು 1842ರಲ್ಲಿ ಕಂಪೆನಿಯ ವೈದ್ಯರಾಗಿ ಮದ್ರಾಸಿಗೆ ಬಂದರು. ಕೆಲವು ಕಾಲ ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿಯೂ ದಂಡುಗಳ ಸಂಗಡಲೂ ಇದ್ದ ಮೇಲೆ ಅವರಿಗೆ ಮೈಸೂರು ಸೀಮೆಯಲ್ಲಿ ಕೆಲಸವಾಯಿತು. ಮೈಸೂರು ಆಗ ಇಂಗ್ಲಿಷ್ ಕಮಿಷನರರ ಕೈಯಲ್ಲಿತ್ತು. ಮಾರ್ಕ್ ಕಬ್ಬನ್ ದೊರೆಯವರು ಕಮಿಷನರ್. ನಗರ ಡಿವಿಜನ್ನಿನ ಮುಖ್ಯಸ್ಥಳವಾದ ಶಿವಮೊಗ್ಗೆಗೆ ಕ್ಲೆಗಾರ್ನ್ ದೊರೆಯವರು ಇಪ್ಪತ್ತಾರು ವರ್ಷದ ಯೌವನಸ್ಥರಾಗಿ ಬಂದು, 1846 ಮತ್ತು 1847ನೆಯ ವರ್ಷಗಳನ್ನು ಇಲ್ಲಿ ಕಳೆದರು.

ಇಂಗ್ಲೆಂಡಿನ ಕ್ಯೂ ಎಂಬ ರಾಜೋದ್ಯಾನದ ಮುಖ್ಯಸ್ಥನಾಗಿದ್ದ ವಿಲಿಯಂ ಹೂಕರ್ ಎಂಬ ಪಂಡಿತನು ಅವರಿಗೆ ಒಂದು ಬುದ್ಧಿ ಹೇಳಿದ್ದನು: ದಿನಕ್ಕೆ ಒಂದೇ ಗಿಡವನ್ನು, ಕಾಲು ಗಂಟೆಯ ಹೊತ್ತಾದರೂ, ಕೂತು ಪರೀಕ್ಷಿಸಬೇಕೆಂಬದೇ ಅದು. ಹೇಳುವದು ಸುಲಭ. ಬೇದಿ, ಜ್ವರ, ಸಿಡುಬಿನ ರೋಗಿಗಳನ್ನು ನೋಡಿ, ಜೈಲಿನ ಕೈದಿಗಳನ್ನು ನೋಡಿ, ಸುತ್ತಲಿನ ಊರುಗಳಿಗೆ ಸವಾರಿ ಹೋಗಿ ಬಂದವನಿಗೆ ಕಾಲು ಗಂಟೆಯೂ ಭಾರವೇ. ಆದರೂ ಅವರು ಬಿಡಲಿಲ್ಲ. ಊರಿನ ಒಬ್ಬ ಚಿತ್ರಗಾರನಿಗೆ ಸಂಬಳ ಕೊಟ್ಟು ಇಟ್ಟುಕೊಂಡು, ದಿನದ ಗಿಡವನ್ನು ಅವನ ಮುಂದೆ ಇಡುವರು. ಅವನು ಎಲೆಯ ನರ, ಹೂವಿನ ಎಸಳು, ಕಾಯಿಯ ಬೀಜಗಳನ್ನು ಇದ್ದಂತೆಯೇ ಬರೆಯುವನು. ಹೀಗೆ ನಮ್ಮ ತುಂಗಾತೀರದ ಬೇಲಿಯ ಗಿಡಗಳೂ ಕಾಡಿನ ಬಳ್ಳಿಗಳೂ ನೂರಾರು ಕಾಗದಗಳ ಮೇಲೆ ಇಳಿದವು. ನಾವು ದಿನಾಲೂ ತುಳಿದು ಹೋಗುವ ಗಿಡಕ್ಕೆ ಎದುರಾಗಿ ಒಬ್ಬ ಪರದೇಶಸ್ಥನು ಕಾಲು ಗಂಟೆ ಕುಳಿತನೆಂಬದನ್ನು ನೆನಸಿದರೆ ನಮಗೆ ನಾಚಿಕೆಯಾಗುತ್ತದೆ.

ಸ್ಕಾಟ್ಲೆಂಡಿನ ಎಲ್ಲಾ ಬೆಟ್ಟಗಳಲ್ಲಿ ಎತ್ತರವಾದದ್ದು ಬೆನ್ ನೆವಿಸ್. ಅದರ ಎತ್ತರ 1,345 ಮೀಟರ್. ಹೊಸನಗರ ತಾಲ್ಲೂಕಿನ ನಮ್ಮ ಕೊಡಚಾದ್ರಿಯ ಎತ್ತರ 1,343 ಮೀಟರ್. ಇಬ್ಬರು ಅಣ್ಣತಮ್ಮಂದಿರು ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಇಷ್ಟು ಮಾತ್ರ ವ್ಯತ್ಯಾಸ! ಆ ದೇಶದವರು ಬಹಳ ಎತ್ತರವೆಂದು ಹೆಮ್ಮೆಪಡುವ ತುದಿಯು ನಮ್ಮ ಮಲೆನಾಡಿನ ಒಂದು ತುದಿಗೆ ಸರಿಸಮವಾಗಿದೆ; ಮುಳ್ಳಯ್ಯನಗಿರಿಯೂ ಕುದುರೆಮುಖವೂ ಅದಕ್ಕಿಂತ 500 ಮೀಟರಿಗೂ ಮಿಕ್ಕಿ ಎತ್ತರ. ಆದರೆ ಬೆನ್ ನೆವಿಸಿನ ತುದಿಯಲ್ಲಿ ಬೇಸಗೆಯಲ್ಲಿಯೂ ಹಿಮ ಬೀಳಬಹುದು; ಕೊಡಚಾದ್ರಿಯ ತುದಿಯಲ್ಲಿ ಹುಲ್ಲು, ಅದರ ಕಣಿವೆಗಳಲ್ಲಿ ಬಿಸಿಲು ನೆಲಕ್ಕೆ ಬೀಳದ ಕಾಡು. ಎಡಿನ್‌ಬರೋದ ಬೆಟ್ಟದಲ್ಲಿ ಇಡೀ ದಿನ ಹುಡುಕಿ ಹತ್ತು ಗಿಡ ಕಾಣುತ್ತಿದ್ದ ಮನುಷ್ಯನು ನಗರದ ಸೀಮೆಯ ಕಾಡಿಗೆ ಬಂದಾಗ ಅವನ ಮನಸ್ಸಿನಲ್ಲಿ ಏನಾಗಿರಬೇಕೆಂದು ವಾಚಕರೇ ಊಹಿಸಿರಿ.

ಆನಂದದ ಸಂಗಡಲೇ ದುಃಖವೂ ಬಂತು. ಹರಿತವಾದ ಕಣ್ಣು ಗಿಡವನ್ನು ಮಾತ್ರ ಕಾಣಲಿಲ್ಲ, ಬೋಳಾಗುವ ಇಳಿಜಾರುಗಳನ್ನೂ ಕಂಡಿತು. ಮರದ ಕಂಟ್ರಾಕ್ಟಿನವರು ತೇಗ, ಬೀಟೆ, ಹೊನ್ನೆಗಳ ಒಳ್ಳೇ ದಿಮ್ಮಿಯನ್ನು ಎಳೆದುಕೊಂಡು ಉಳಿದದ್ದನ್ನು ಕೊಳೆಯುವದಕ್ಕೆ ಬಿಟ್ಟು ಹೋಗುತ್ತಿದ್ದರು. ಬೆಟ್ಟದ ಜನರು ಕುಮರಿ ಮಾಡುತ್ತಿದ್ದರು. ಕುಮರಿ ಎಂಬದು ನಮ್ಮ ಮುತ್ತಜ್ಜಂದಿರಿಗೆ ಗೊತ್ತಿದ್ದ ಬೇಸಾಯ. ಈಗಿನ ಮಕ್ಕಳಿಗಾಗಿ ಹೇಳುವೆವು. ಬೇಸಗೆಗೆ ಮುಂಚೆ ಇಳಿಜಾರಿನ ಮರಗಳನ್ನು ಕಡಿದು ಒಣಗಿಸಿ, ಮಳೆ ಬರುವ ಮುಂಚೆ ಬೆಂಕಿ ಇಟ್ಟು, ಬೂದಿಯಲ್ಲಿ ರಾಗಿಯನ್ನೋ ಬೇರೆ ಕಾಳನ್ನೋ ಬಿತ್ತುವರು. ನೇಗಿಲು ಬೇಡ, ಎತ್ತು ಬೇಡ, ಗೊಬ್ಬರ ಬೇಡ. ಒಂದೆರಡು ವರ್ಷ ಬೆಳೆ ತೆಗೆದು ಆ ನೆಲವನ್ನು ಬಿಟ್ಟು ಬೇರೆ ಇಳಿಜಾರಿಗೆ ಹೋಗುವರು. ಬಿಟ್ಟ ನೆಲದಲ್ಲಿ ಮರ ಮತ್ತೆ ಏಳುವದು. ಎತ್ತು ನೇಗಿಲುಗಳಿಲ್ಲದ, ಗದ್ದೆಯ ಒಡೆತನವಿಲ್ಲದ ಬಡವನಿಗೆ ತನ್ನ ಕೈಯಿಂದ ತಾನೇ ಬೆಳೆದು ಉಣ್ಣುವ ದಾರಿ ಇದೊಂದೇ ಆಗಿತ್ತು. ಕ್ಲೆಗಾರ್ನ್ ದೊರೆಯವರು ಇದನ್ನು ನೋಡಿ, ಒಂದು ಚೀಲ ರಾಗಿಗಾಗಿ ನೂರು ವರ್ಷದ ಮರಗಳು ಬೂದಿಯಾಗುತ್ತವೆಂದೂ, ಮರ ಹೋದರೆ ತೊರೆಗಳು ಬತ್ತುವವೆಂದೂ ನಿಶ್ಚಯಿಸಿದರು. ಕಬ್ಬನ್ ದೊರೆಯವರಿಗೆ ಅರಿಕೆ ಹೋಯಿತು. ಮೈಸೂರು ಸೀಮೆಯಲ್ಲಿ ಕುಮರಿಗೆ ಕಟ್ಟು ಬಿತ್ತು.

ಇಷ್ಟರಲ್ಲಿ ಅವರ ದೇಹಸ್ಥಿತಿ ಕೆಟ್ಟು, 1848ರಲ್ಲಿ ಸ್ವದೇಶಕ್ಕೆ ಹೋಗಬೇಕಾಯಿತು. ಅಲ್ಲಿಯೂ ಶಿವಮೊಗ್ಗೆಯ ಕಾಡು ಅವರನ್ನು ಬಿಡಲಿಲ್ಲ. 1850ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ಪಂಡಿತರ ಕೂಟವು ಎಡಿನ್‌ಬರೋದಲ್ಲಿ ಸೇರಿದಾಗ, ಉಷ್ಣದೇಶಗಳ ಕಾಡು ನಾಶವಾದರೆ ಮಳೆಗೂ ನೀರಿಗೂ ನೆಲಕ್ಕೂ ಜನರ ಬಾಳಿಗೂ ಏನಾಗುವದೆಂದು ವಿಚಾರಿಸುವದಕ್ಕೆ ಒಂದು ಕಮಿಟಿಯನ್ನು ನೇಮಿಸಿತು. ಮುಂದಿನ ವರ್ಷ ಕ್ಲೆಗಾರ್ನ್ ದೊರೆಯವರೂ ಅವರ ಸಂಗಡಿಗರೂ ಆ ವರದಿಯನ್ನು ಒಪ್ಪಿಸಿದರು. ಕಾಡು ಕಡಿದರೆ ಊರ ಕೆರೆ ಬತ್ತುವದು ಎಂಬ ಮಾತು ಈಗ ನಮ್ಮ ಶಾಲೆಯ ಮಕ್ಕಳ ಬಾಯಲ್ಲಿಯೂ ಇದೆ. ದೊರೆತನವು ಅದನ್ನು ಕಾಗದದ ಮೇಲೆ ಕಂಡದ್ದು ಇಂಥ ವರದಿಗಳ ಮೂಲಕವೇ.

ಅವರು ನಮ್ಮ ಶಿವಮೊಗ್ಗೆಯಲ್ಲಿದ್ದ 1847ರಲ್ಲಿ ಅವರ ಸ್ನೇಹಿತನಾದ ಬಾಲ್ಫರ್ ಪಂಡಿತನಿಗೆ ಸ್ಕಾಟ್ಲೆಂಡಿನಲ್ಲಿ ನಡೆದದ್ದನ್ನು ಇಲ್ಲಿ ಹೇಳದೆ ಹೋಗಲಾರೆವು. ಬಾಲ್ಫರನು ಶಿಷ್ಯರೊಂದಿಗೆ ಗಿಡಗಳನ್ನು ಹುಡುಕುತ್ತಾ ಗ್ಲೆನ್ ಟಿಲ್ಟ್ ಎಂಬ ಕಣಿವೆಯೊಳಗೆ ನಡೆದು ಬಂದನು. ಅದು ಹಿಂದಿನಿಂದಲೂ ಜನರು ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಆದರೆ ಅಥೋಲಿನ ಡ್ಯೂಕನು ಆ ಬೆಟ್ಟಗಳನ್ನು ಜಿಂಕೆಯ ಬೇಟೆಗಾಗಿ ಇಟ್ಟುಕೊಂಡಿದ್ದನು. ತಾನೇ ಆಳುಗಳೊಂದಿಗೆ ಬಂದು ಅಡ್ಡ ನಿಂತನು. ಮಾತಿಗೆ ಮಾತು ಬೆಳೆಯಿತು. ಕಡೆಗೆ ಪಂಡಿತನೂ ಶಿಷ್ಯರೂ ತಮ್ಮ ತಗಡಿನ ಪೆಟ್ಟಿಗೆಗಳ ಸಮೇತ ಗೋಡೆ ಹಾರಿ ಹೋದರಂತೆ. ಈ ಸಂಗತಿಯು ಹಾಡಾಗಿ ನಗೆಯಾಗಿ ಊರೆಲ್ಲಾ ಹಬ್ಬಿತು. ಆದರೆ ನಗೆಯಲ್ಲಿ ಮುಗಿಯಲಿಲ್ಲ. ಜನರ ದಾರಿಗಳನ್ನು ಕಾಯುವ ಸಂಘದವರು ಡ್ಯೂಕನ ಮೇಲೆ ವ್ಯಾಜ್ಯ ಹೂಡಿದರು, ದಾರಿಯು ಜನರಿಗೆ ಉಳಿಯಿತು. ಅಂದಿನಿಂದ ಆ ದೇಶದಲ್ಲಿ ಬೆಟ್ಟದ ಮೇಲೆ ನಡೆಯುವ ಹಕ್ಕಿಗಾಗಿ ಹೋರಾಟ ನಡೆಯುತ್ತಾ ಬಂದು, 2003ರಲ್ಲಿ ಹುಟ್ಟಿದ ಕಾನೂನಿನಿಂದ ಯಾರೇ ಆಗಲಿ ಮರ್ಯಾದೆಯಿಂದ ನಡೆದುಕೊಂಡು ಯಾವ ಬೆಟ್ಟವನ್ನಾದರೂ ಹತ್ತಬಹುದೆಂದು ಸ್ಥಿರವಾಯಿತು. ದಾರಿಯ ಸಂಘಕ್ಕೆ ಮುಂದಾಳುಗಳಾದವರಲ್ಲಿ ರಾಬರ್ಟ್ಸನ್ ಎಂಬ ಬೋಧಕನೂ ಇದ್ದನು. ಮೂರು ಸಾವಿರ ಅಡಿಗೆ ಮೀರಿದ ಸ್ಕಾಟ್ಲೆಂಡಿನ ಬೆಟ್ಟಗಳನ್ನು ಹ್ಯೂ ಮನ್ರೋ ಎಂಬವನು 1891ರಲ್ಲಿ ಪಟ್ಟಿ ಮಾಡಿದನು. ಸಭೆಯ ಕೆಲಸದ ನಡುವೆ ಹತ್ತು ವರ್ಷಗಳಲ್ಲಿ ಅವೆಲ್ಲವನ್ನೂ ಹತ್ತಿ 1901ರಲ್ಲಿ ಮುಗಿಸಿದ ಮೊದಲನೆಯವನೆಂದು ಹೆಸರಾದವನು ಈ ಬೋಧಕನೇ. ಪ್ರಸಂಗವನ್ನು ಯಾವಾಗ ಬರೆಯುತ್ತಿದ್ದನೋ!

ಕ್ಲೆಗಾರ್ನ್ ದೊರೆಯವರು 1852ರಲ್ಲಿ ತಿರಿಗಿ ಮದ್ರಾಸಿಗೆ ಬಂದು, ವೈದ್ಯಕಾಲೇಜಿನಲ್ಲಿ ಸಸ್ಯವಿದ್ಯೆಯನ್ನು ಕಲಿಸಿದರು. ಬೆಂಗಳೂರಿನ ಲಾಲ್‌ಬಾಗ್ ತೋಟವು 1856ರಲ್ಲಿ ಸರಕಾರದ ಸಸ್ಯೋದ್ಯಾನವಾದದ್ದರಲ್ಲಿ ಅವರ ಸಲಹೆಯುಂಟು. ಅದೇ ವರ್ಷದಲ್ಲಿ ಮದ್ರಾಸಿನ ಗವರ್ನರ್ ಹ್ಯಾರಿಸ್ ದೊರೆಯು ಅವರನ್ನು ಆ ಪ್ರಾಂತದ ಎಲ್ಲಾ ಕಾಡುಗಳ ಮೇಲೆ ಕನ್ಸರ್ವೇಟರ್ ಆಗಿ ನೇಮಿಸಿದನು. ಈ ಕೆಲಸಕ್ಕೆ ಕುರ್ಚಿಯಿಂದ ಹೆಚ್ಚು ಪ್ರಯೋಜನವಿರಲಿಲ್ಲ. ಕೆನರಾ ಜಿಲ್ಲೆಯಿಂದ ಮಲಬಾರಿಗೆ, ವೈನಾಡಿನಿಂದ ನೀಲಗಿರಿಗೆ, ಘಟ್ಟ ಹತ್ತಿ ಘಟ್ಟ ಇಳಿದು ತಿರುಗುವದೇ ಅವರ ಕಚೇರಿಯಾಯಿತು. 1858ರಲ್ಲಿ ಕೊಯಮುತ್ತೂರಿನ ಆನೆಮಲೆಗಳ ಮೇಲ್ಸಾಲಿಗೆ ಕೆಲವು ಸಂಗಡಿಗರೊಂದಿಗೆ ಹೋದರು. ಡಗ್ಲಸ್ ಹ್ಯಾಮಿಲ್ಟನ್ ಎಂಬ ದಂಡಿನ ಅಧಿಕಾರಿಯು ಆ ಬೆಟ್ಟಗಳ ಚಿತ್ರಗಳನ್ನು ಬರೆದನು. ದಾರಿಯೆಂಬದು ಆನೆಗಳು ತುಳಿದದ್ದೇ. ಹೊರೆ ಹೊತ್ತು ಮುಂದೆ ನಡೆದವರು ಆ ಕಾಡಿನ ಜನರೇ. ಕೆಳಗಿನ ಬಿದಿರು, ತೇಗಗಳನ್ನು ದಾಟಿ, ತಣ್ಣಗಿನ ಹುಲ್ಲುಮಲೆಯ ಮೇಲೆ ನಿಂತಾಗ ಅವರಿಗೆ ಸ್ವದೇಶದ ಗಿಡಗಳ ಬಂಧುಗಳು ಕಂಡವು. ಆ ಯಾತ್ರೆಯ ವಿವರವನ್ನು ಎಡಿನ್‌ಬರೋದ ರಾಯಲ್ ಸೊಸೈಟಿಯು ಅಚ್ಚು ಹಾಕಿಸಿತು. ಬೆಟ್ಟದ ನಡಿಗೆಯ ಹರ್ಷವು ಅವರ ಜೀವಿತದಲ್ಲಿ ಇದಕ್ಕಿಂತ ಮೇಲಕ್ಕೆ ಹೋಯಿತೋ ಇಲ್ಲವೋ, ಎತ್ತರವಂತೂ ಮುಂದೆ ಹಿಮಾಲಯದಲ್ಲಿ ಹೋಯಿತು.

ಆಗ ರೈಲುಹಾದಿಗಳು ಹಾಸಲ್ಪಡುತ್ತಿದ್ದ ಕಾಲ. ಹಳಿಯ ಕೆಳಗೆ ಹಾಕುವ ಸ್ಲೀಪರ್ ದಿಮ್ಮಿಗಳನ್ನು ಗಜಕ್ಕೊಂದು ಎಂದು ಹಿಡಿದರೂ ಮೈಲಿಗೆ 1,760 ಬೇಕು. ಮಳೆಗೂ ಗೆದ್ದಲಿಗೂ ಸಿಕ್ಕಿ ಅವು ಕೆಲವೇ ವರ್ಷಗಳಲ್ಲಿ ಹಾಳಾಗುವವು. ತಿರಿಗಿ ಅಷ್ಟೇ ಬೇಕು. ಕುಮರಿಯವನ ಕೊಡಲಿಗಿಂತ ಈ ಕೊಡಲಿಯು ಬಹಳ ದೊಡ್ಡದು. ಕ್ಲೆಗಾರ್ನ್ ದೊರೆಯವರು ಇದನ್ನು ಅರಿಯದವರಲ್ಲ. ರೈಲಿನ ಹಸಿವಿನಿಂದ ಬೋಳಾದ ಬೆಟ್ಟಗಳ ಸುದ್ದಿಯನ್ನು ತಮ್ಮ ವರದಿಗಳಲ್ಲಿ ಮುಚ್ಚಲಿಲ್ಲ. ಎಳೆಯ ಮರ ಕಡಿಯಬಾರದು, ಕಡಿದಲ್ಲಿ ನೆಡಬೇಕು, ಅಪ್ಪಣೆ ಚೀಟಿಯಿಲ್ಲದೆ ದಿಮ್ಮಿ ಸಾಗಿಸಬಾರದು ಎಂದು ಕಟ್ಟಳೆಗಳನ್ನು ಮಾಡಿಸಿದರು. ಆದರೂ ರೈಲನ್ನು ನಿಲ್ಲಿಸುವ ಅಧಿಕಾರ ಅವರಿಗಿರಲಿಲ್ಲ. ಕುಮರಿಯನ್ನು ನಿಲ್ಲಿಸುವ ಅಧಿಕಾರವಿತ್ತು. 1860ರಲ್ಲಿ ಮದ್ರಾಸು ಸರಕಾರವು ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡಕೂಡದೆಂದು ವಿಧಿಸಿತು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಿಬಿಡುವೆವು. ನಾಬೋತನ ದ್ರಾಕ್ಷಾತೋಟದ ವೃತ್ತಾಂತವನ್ನು ಓದಿದವರಾದ ನಾವು ಇಂಥ ಸಂಗತಿಯಲ್ಲಿ ಬೇಗನೆ ಒಬ್ಬ ಅಹಾಬನನ್ನು ಹುಡುಕುತ್ತೇವೆ. ಆದರೆ ಇಲ್ಲಿ ಇರುವವನು ದುಷ್ಟನಾದ ಅರಸನಲ್ಲ, ಗಿಡಗಳನ್ನು ಪ್ರೀತಿಸಿದ ಒಳ್ಳೇ ವೈದ್ಯನು. ಕಾಡು ಉಳಿಯಬೇಕೆಂಬ ಅವನ ಮಾತು ಸತ್ಯವೇ. ಅದನ್ನು ಕೇಳದೆ ಇದ್ದಿದ್ದರೆ ಈಗ ಉಳಿದಿರುವಷ್ಟು ಕಾಡೂ ಉಳಿಯುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಆದರೆ ಕಟ್ಟಳೆಯ ಭಾರವು ಯಾರ ಹೆಗಲ ಮೇಲೆ ಬಿತ್ತೆಂದು ನೋಡಿರಿ. ಅಡಿಕೆ ತೋಟದವರಿಗೆ ಗೊಬ್ಬರದ ಸೊಪ್ಪು ಬೇಕೆಂಬದನ್ನು ಸರಕಾರವು ಒಪ್ಪಿ, ನಮ್ಮ ಜಿಲ್ಲೆಯಲ್ಲಿ ಸೊಪ್ಪಿನಬೆಟ್ಟಗಳನ್ನು ಅವರ ತೋಟಗಳಿಗೆ ಹೊಂದಿಸಿ ಬಿಟ್ಟಿತು. ಸೊರಬ, ಸಾಗರಗಳ ಕಡೆ ಮೆಣಸಿನ ಕಾನುಗಳೂ ಕಂದಾಯ ಕೊಡುವವರ ವಶದಲ್ಲಿದ್ದವು. ಅದು ತಪ್ಪೆಂದು ನಾವು ಹೇಳುವದಿಲ್ಲ. ಪತ್ರವಿದ್ದವನ ಹಕ್ಕು ನಿಂತಿತು. ಪತ್ರವಿಲ್ಲದೆ ಬೂದಿಯಲ್ಲಿ ರಾಗಿ ಬಿತ್ತಿದವನು ಒಂದೇ ದಿನದಲ್ಲಿ ಕಳ್ಳನಾದನು. ಅವನು ಕೂಲಿಗೆ ಬಂದನು, ಸಾಲಕ್ಕೆ ಬಿದ್ದನು. ಗ್ಲೆನ್ ಟಿಲ್ಟಿನಲ್ಲಿ ಡ್ಯೂಕನ ಗೋಡೆಯನ್ನು ಹಾರಿದ ಪಂಡಿತರಿಗೆ ಅವರ ಬೆಟ್ಟದ ದಾರಿಗಾಗಿ ವಾದಿಸುವ ವಕೀಲರು ಸಿಕ್ಕಿದರು, ಕುಮರಿಯವನಿಗೆ ಸಿಕ್ಕಲಿಲ್ಲ. ಆ ಪಂಡಿತರ ಆಪ್ತಸ್ನೇಹಿತನೇ ಇಲ್ಲಿ ಕಾಡಿನ ಅಧಿಕಾರಿ. ಎರಡೂ ಸಂಗತಿಗಳನ್ನು ಅವರು ಎಂದಾದರೂ ಒಟ್ಟಿಗೆ ಇಟ್ಟು ಯೋಚಿಸಿದರೇ ಎಂದು ನಾವು ಅನೇಕ ಸಾರಿ ಕೇಳಿಕೊಂಡಿದ್ದೇವೆ.

ಮುಂದಿನ ಕಾಲದಲ್ಲಿ ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿದಾಗ, ಅದರ ಕುಲುಮೆಗೆ ಕಲ್ಲಿದ್ದಲಿಲ್ಲದೆ ಸುತ್ತಲಿನ ಕಾಡಿನ ಮರವನ್ನೇ ಇದ್ದಲು ಮಾಡಿ ಹಾಕಿದರು. ಅದರಿಂದ ಅನೇಕ ಮನೆಗಳಿಗೆ ಅನ್ನವಾಯಿತು, ನಮ್ಮ ಸಭೆಗಳವರಿಗೂ ಆಯಿತು. ಬೆಂಕಿಯಿಟ್ಟ ಕೈ ಯಾವದೆಂಬದರ ಮೇಲೆ ಬೂದಿಗೆ ಬೇರೆ ಬೇರೆ ಹೆಸರು ಬರುವದು. 2006ನೆಯ ಇಸವಿಯ ಅರಣ್ಯಹಕ್ಕಿನ ಕಾನೂನು ಹಳೇ ಅನ್ಯಾಯವನ್ನು ಸರಿಮಾಡುವದಕ್ಕೆ ಹುಟ್ಟಿತು. ಆದರೆ ಬುಡಕಟ್ಟಿನವರಲ್ಲದ ಕಾಡುವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ಇದ್ದೆವೆಂದು ತೋರಿಸಬೇಕು. ಆ ಸಾಕ್ಷಿಗಾಗಿ ಕಾಗದದ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತ ಮುದುಕರನ್ನು ನಾವು ಕಂಡಿದ್ದೇವೆ.

ಇನ್ನು ಉಳಿದದ್ದನ್ನು ಚಿಕ್ಕದಾಗಿ ಹೇಳುವೆವು. 1861ರಲ್ಲಿ ದಕ್ಷಿಣ ಹಿಂದುಸ್ಥಾನದ ಕಾಡುಗಳನ್ನೂ ತೋಟಗಳನ್ನೂ ಕುರಿತ ಅವರ ಪುಸ್ತಕವು ಅಚ್ಚಾಯಿತು. ಅದೇ ವರ್ಷ ಮದುವೆಯಾದರು. ಬಳಿಕ ಪಂಜಾಬಿಗೂ ಪಶ್ಚಿಮ ಹಿಮಾಲಯಕ್ಕೂ ಹೋಗಿ ದೇವದಾರು ಕಾಡುಗಳನ್ನು ಶೋಧಿಸಿ, 1864ರಲ್ಲಿ ವರದಿ ಕೊಟ್ಟರು. ಇಡೀ ಹಿಂದುಸ್ಥಾನದ ಕಾಡುಗಳ ಮೇಲಧಿಕಾರಿಯಾದ ಬ್ರಾಂಡಿಸ್ ಎಂಬ ಜರ್ಮನ್ ಪಂಡಿತನು ರಜೆಯಲ್ಲಿ ಹೋದಾಗ ಅವನ ಸ್ಥಾನದಲ್ಲಿಯೂ ಕೆಲಸ ನಡಿಸಿದರು. ಅನಂತರ ಸ್ಟ್ರಾವಿಥಿಗೆ ಹಿಂದಿರುಗಿ ಅಜ್ಜನ ಜಮೀನಿನಲ್ಲಿ ನೆಲಸಿದರು. ಮಕ್ಕಳಿರಲಿಲ್ಲ. ಸ್ಕಾಟ್ಲೆಂಡಿನ ಮರ ಬೆಳೆಸುವವರ ಸಂಘಕ್ಕೂ ಎಡಿನ್‌ಬರೋದ ಸಸ್ಯವಿದ್ಯೆಯ ಸಂಘಕ್ಕೂ ಅಧ್ಯಕ್ಷರಾದರು. ತಮ್ಮ ದೇಶದ ಬೆಟ್ಟಗಳೇ ಬೋಳಾಗಿರುವಾಗ ಬೇರೆ ದೇಶಕ್ಕೆ ಬುದ್ಧಿ ಹೇಳಿದರೆ ಸಾಲದೆಂದು, ಕಾಡಿನ ವಿದ್ಯೆಯನ್ನು ಅಲ್ಲಿಯ ಯೌವನಸ್ಥರಿಗೆ ಕಲಿಸಬೇಕೆಂದು ದುಡಿದರು.

1887ರಲ್ಲಿ ಹೆಂಡತಿಯು ತೀರಿಕೊಂಡಳು. ಎಂಟು ವರ್ಷಗಳ ತರುವಾಯ, 1895ನೆಯ ಮೇ 16ರಂದು, ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ ಅವರೂ ಸ್ಟ್ರಾವಿಥಿಯಲ್ಲಿ ತೀರಿಕೊಂಡರು. ಕಣಗಿಲೆಯ ಕುಲಕ್ಕೆ ಸೇರಿದ ಒಂದು ಜಾತಿಯ ಬಳ್ಳಿಗಳಿಗೆ ರಾಬರ್ಟ್ ವೈಟ್ ಎಂಬ ಸಸ್ಯಪಂಡಿತನು ಕ್ಲೆಗಾರ್ನಿಯಾ ಎಂದು ಅವರ ಹೆಸರನ್ನಿಟ್ಟನು. ನಮ್ಮ ಊರಿನ ಚಿತ್ರಗಾರನು ಬರೆದ ಗಿಡಗಳ ಹಾಳೆಗಳು ಎಡಿನ್‌ಬರೋದ ರಾಜಕೀಯ ಸಸ್ಯೋದ್ಯಾನದಲ್ಲಿ ಇರುತ್ತವೆ. 2016ರಲ್ಲಿ ಅವುಗಳಲ್ಲಿ ಅನೇಕವನ್ನು ಪುಸ್ತಕದಲ್ಲಿ ಅಚ್ಚು ಹಾಕಿದರು. ತುಂಗೆಯ ದಡದ ಗಿಡಗಳು, ಬಣ್ಣ ಮಾಸದೆ, ಬೇರಿನ ಸಮೇತ ಅಲ್ಲಿವೆ.